ಒಂದು ಹೆಸರು, ನಾಲ್ಕು ನಾದ

ಪ್ರಾಫೆಟ್-5 ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ಅನಲಾಗ್ ಸಿಂಥಸೈಸರ್. ಐದು ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲ, ವಾದಕ ಕೂಡಿಸಿದ ನಾದವನ್ನು ನೆನಪಿಟ್ಟುಕೊಂಡು ಗುಂಡಿ ಒತ್ತಿದೊಡನೆ ಮತ್ತೆ ಕೊಡಬಲ್ಲ ಈ ವಾದ್ಯ ಬೆಳಕು ಕಂಡದ್ದು 1978ರಲ್ಲಿ. 1984ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಅದರ ಮೂರು ಆವೃತ್ತಿಗಳು ಬಂದಿದ್ದವು. ನಾಲ್ಕನೆಯದು ಬರಲು 2020ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಮುಖಫಲಕದ ವಿನ್ಯಾಸ, ಗುಂಡಿಗಳ ಜಾಗ, ಮರದ ಚೌಕಟ್ಟು ನಾಲ್ಕರಲ್ಲೂ ಬಹುಮಟ್ಟಿಗೆ ಒಂದೇ. ಒಳಗಿನ ಕರುಳು ಮಾತ್ರ ಬೇರೆ ಬೇರೆ. ಹಾಗಾಗಿ ಪ್ರತಿ ಆವೃತ್ತಿಯೂ ಹಳೆಯ ವಾದ್ಯವನ್ನು ಇಟ್ಟುಕೊಂಡವರ ಮುಂದೆ ಒಂದೇ ಪ್ರಶ್ನೆಯನ್ನು ತಂದು ನಿಲ್ಲಿಸಿತು: ಇದನ್ನು ಕೊಟ್ಟು ಅದನ್ನು ತರುವುದೇ, ಬೇಡವೇ?

ಮೊಬೈಲ್ ಫೋನಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಹೊಸದರಲ್ಲಿ ಕ್ಯಾಮೆರಾ ಮೇಲು, ವೇಗ ಹೆಚ್ಚು. ಕೈಯಲ್ಲಿ ದುಡ್ಡಿದ್ದರೆ ಮುಗಿಯಿತು. ವಾದ್ಯದ ಲೆಕ್ಕ ಹಾಗಲ್ಲ. ಅಲ್ಲಿ ಒಂದು ದೋಷ ಸರಿಯಾದಾಗ ಅದರ ಜೊತೆಗೆ ಒಂದು ಗುಣವೂ ಜಾರಿಹೋಗಿರಬಹುದು. ಯಾವುದು ದೋಷ, ಯಾವುದು ಗುಣ ಎಂಬುದನ್ನು ತಯಾರಕರಿಗಿಂತ ತಡವಾಗಿ, ಆದರೆ ಹೆಚ್ಚು ಖಚಿತವಾಗಿ, ಕಿವಿ ಹೇಳುತ್ತದೆ. ಪ್ರಾಫೆಟ್-5ರ ನಾಲ್ಕು ಆವೃತ್ತಿಗಳ ಕಥೆ ಇದಕ್ಕೆ ಸಿಗುವ ಅತ್ಯಂತ ಸ್ಪಷ್ಟ ಉದಾಹರಣೆ.

ಅನಲಾಗ್ ಸಿಂಥಸೈಸರ್ ನಾದ ಹುಟ್ಟಿಸುವ ಕ್ರಮ ಅಷ್ಟೇನೂ ಗಹನವಲ್ಲ. ಆಸಿಲೇಟರ್ ಎಂಬ ಮಂಡಲ ಕಚ್ಚಾ ಧ್ವನಿಯನ್ನು ಕೊಡುತ್ತದೆ. ಗರಗಸದ ಹಲ್ಲಿನಂಥ ಅಲೆ, ಚೌಕದ ಅಲೆ ಎಂದು ಅದರಲ್ಲಿ ಬಗೆಗಳಿವೆ. ಈ ಧ್ವನಿ ಕರ್ಕಶ, ಉಪಸ್ವರಗಳಿಂದ ಕಿಕ್ಕಿರಿದದ್ದು. ಫಿಲ್ಟರ್ ಅದರಲ್ಲಿ ಬೇಡದ್ದನ್ನು ಸೋಸಿ ತೆಗೆಯುತ್ತದೆ. ಕೀಲಿ ಒತ್ತಿದಾಗ ನಾದ ಎಷ್ಟು ಬೇಗ ಏರಬೇಕು, ಎಲ್ಲಿ ನಿಲ್ಲಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನು ಎನ್ವಲಪ್ ನಿರ್ಧರಿಸುತ್ತದೆ. ಪ್ರಾಫೆಟ್-5ರಲ್ಲಿ ಇಂಥ ಸರಪಣಿಗಳು ಐದು, ಪ್ರತಿಯೊಂದರಲ್ಲೂ ಎರಡೆರಡು ಆಸಿಲೇಟರ್. ಅಂದರೆ ಒಂದೇ ಪೆಟ್ಟಿಗೆಯೊಳಗೆ ಹತ್ತು ಆಸಿಲೇಟರ್‌ಗಳು ಒಂದಕ್ಕೊಂದು ಶ್ರುತಿ ತಪ್ಪದಂತೆ ನಡೆಯಬೇಕು. ಮುಂದಿನ ಎಲ್ಲ ತಾಪತ್ರಯದ ಮೂಲ ಇಲ್ಲೇ ಇದೆ.

ಈ ವಾದ್ಯಕ್ಕೆ ಮೊದಲಿನ ಸ್ಥಿತಿ ಇನ್ನೂ ಕಷ್ಟದ್ದಾಗಿತ್ತು. 1970ರಲ್ಲಿ ಬಂದ ಮಿನಿಮೂಗ್ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತಿತ್ತು, ಮತ್ತು ಅದಕ್ಕೆ ಜ್ಞಾಪಕಶಕ್ತಿಯೇ ಇರಲಿಲ್ಲ. ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ತಿರುವಿ ಕಂಡುಕೊಂಡ ನಾದವನ್ನು ಕಛೇರಿಯಲ್ಲಿ ಮತ್ತೆ ಪಡೆಯಬೇಕಾದರೆ ಒಂದೊಂದು ಗುಂಡಿ ಎಲ್ಲಿ ನಿಂತಿತ್ತೆಂದು ಕಾಗದದ ಮೇಲೆ ಗುರುತು ಹಾಕಿಟ್ಟುಕೊಳ್ಳಬೇಕಿತ್ತು. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಆ ಕಾಗದ ನೋಡಿ ತಿರುವುತ್ತ ಕೂರುವುದು ವಾದಕನಿಗೂ ಸಭಿಕರಿಗೂ ಹಿತವಾದ ಕೆಲಸವಲ್ಲ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಮತ್ತು ಎಲೆಕ್ಟ್ರಾನಿಕ್ಸ್ ಓದಿದ ಡೇವ್ ಸ್ಮಿತ್ 1972ರಲ್ಲಿ ಒಂದು ಮಿನಿಮೂಗ್ ಕೊಂಡರು. ಅದಕ್ಕೆ ಜೋಡಿಸಲೆಂದು, ಸ್ವರಗಳ ಸಾಲನ್ನು ತಾನಾಗಿ ನುಡಿಸುವ ಸೀಕ್ವೆನ್ಸರ್ ಒಂದನ್ನು ತಾವೇ ಕಟ್ಟಿದರು. ಆ ಹವ್ಯಾಸವೇ 1974ರಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಎಂಬ ಸಂಸ್ಥೆಯಾಯಿತು. ಮೈಕ್ರೋಪ್ರೊಸೆಸರ್ ಆಗಷ್ಟೇ ಅಗ್ಗವಾಗುತ್ತಿತ್ತು. ಸಿಂಥಸೈಸರ್‌ನ ಆಸಿಲೇಟರ್, ಫಿಲ್ಟರ್‌ಗಳೂ ಬಿಡಿ ಚಿಪ್‌ಗಳಾಗಿ ಸಿಗತೊಡಗಿದ್ದವು. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರೆ ಹಲವು ಸ್ವರದ, ನೆನಪುಳ್ಳ ವಾದ್ಯವಾಗುತ್ತದೆ ಎಂಬುದು ಸ್ಮಿತ್ ಅವರಿಗೆ ಹೊಳೆಯಿತು. 1977ರಲ್ಲಿ ಕೆಲಸ ಶುರುವಾಗಿ, ಜಾನ್ ಬೋವೆನ್ ಅವರ ನೆರವಿನೊಂದಿಗೆ, 1978ರ ಜನವರಿಯ ನ್ಯಾಮ್ ವಾದ್ಯಮೇಳದಲ್ಲಿ ಪ್ರಾಫೆಟ್-5 ಪ್ರದರ್ಶನಕ್ಕೆ ಬಂತು. ಒಳಗೆ ಜೈಲಾಗ್ ಝಡ್80 ಪ್ರೊಸೆಸರ್, 40 ನಾದಗಳಿಗೆ ಜಾಗ, ಬೆಲೆ 3,995 ಡಾಲರ್.

ಪ್ರಾಫೆಟ್-5ರಲ್ಲಿ ಎಲ್ಲವೂ ಸೀಕ್ವೆನ್ಷಿಯಲ್‌ನದೇ ಆಗಿರಲಿಲ್ಲ. ಕೀಲಿಮಣೆಯ ಯಾವ ಕೀಲಿ ಒತ್ತಲಾಗಿದೆ ಎಂದು ಸರದಿಯಂತೆ ಪರೀಕ್ಷಿಸುವ ಡಿಜಿಟಲ್ ವ್ಯವಸ್ಥೆ ಈ-ಮ್ಯೂ ಎಂಬ ಇನ್ನೊಂದು ಸಂಸ್ಥೆಯದು. ಅದಕ್ಕೆ ಸೀಕ್ವೆನ್ಷಿಯಲ್ ರಾಯಧನ ಕೊಡುತ್ತಿತ್ತು. 1980ರ ಸುಮಾರಿಗೆ ಕೊಡುವುದು ನಿಂತಾಗ, ಹೊಸ ಆದಾಯ ಹುಡುಕಲೇಬೇಕಾದ ಈ-ಮ್ಯೂ ಎಮ್ಯುಲೇಟರ್ ಎಂಬ, ಮುದ್ರಿಸಿಕೊಂಡ ಧ್ವನಿಯನ್ನು ಕೀಲಿಗಳಿಂದ ನುಡಿಸುವ ಸ್ಯಾಂಪ್ಲರ್ ಮಾಡಿ ಹೆಸರಾಯಿತು. ಒಂದು ಮನೆಯ ಜಗಳದಿಂದ ಇನ್ನೊಂದು ಮನೆಗೆ ದೀಪ ಹತ್ತಿದ್ದು ಈ ಉದ್ಯಮದಲ್ಲಿ ಅದೊಂದೇ ಸಲವಲ್ಲ.

ಮೊದಲೆರಡು ಆವೃತ್ತಿಗಳು

ಮೊದಲ ಆವೃತ್ತಿಯಾದ ರೆವ್ 1 ಕೈಯಲ್ಲಿ ಕಟ್ಟಿದ್ದು. 182 ವಾದ್ಯಗಳಷ್ಟೇ ತಯಾರಾದವು. ಬೇಡಿಕೆ ಏರಿ, ಕಟ್ಟುವವರಿಗೆ ಉಸಿರಾಡಲೂ ಬಿಡುವಿಲ್ಲದ ಕಾಲದ ಕೆಲಸ ಅದು. ನಾಜೂಕು, ಪ್ರಯಾಣಕ್ಕೆ ಒಗ್ಗದ್ದು, ಶ್ರುತಿಯ ವಿಷಯದಲ್ಲಿ ಚಂಚಲ. ಅದೇ ವರ್ಷ ಬಂದ ರೆವ್ 2 ಒಳರಚನೆಯಲ್ಲಿ ಗಟ್ಟಿ. ಅದು ಸಾವಿರಕ್ಕೂ ಹೆಚ್ಚು ತಯಾರಾಯಿತು. ಎರಡರಲ್ಲೂ ಬಳಸಿದ್ದು ಡೇವ್ ರಾಸಮ್ ಮತ್ತು ರಾನ್ ಡೌ ರೂಪಿಸಿದ ಎಸ್‌ಎಸ್‌ಎಂ ಚಿಪ್‌ಗಳನ್ನು: ಆಸಿಲೇಟರ್‌ಗೆ 2030, ಫಿಲ್ಟರ್‌ಗೆ 2040.

ಹತ್ತು ಸ್ವರಗಳ ಪ್ರಾಫೆಟ್-10 ಕೂಡ ಮೊದಲಿನ ಯೋಜನೆಯಲ್ಲೇ ಇತ್ತು. ಅದೇ ಗಾತ್ರದ ಪೆಟ್ಟಿಗೆಯಲ್ಲಿ ಹತ್ತು ಸರಪಣಿಗಳನ್ನು ತುರುಕಿದಾಗ ಒಳಗೆ ಕಾವೇರಿ ಇಪ್ಪತ್ತು ಆಸಿಲೇಟರ್‌ಗಳೂ ಶ್ರುತಿ ತಪ್ಪಿದವು. ಯೋಜನೆಯನ್ನು ಕೈಬಿಡಲಾಯಿತು. 1981ರಲ್ಲಿ ಆ ಹೆಸರಿನಲ್ಲಿ ಬಂದದ್ದು ಎರಡು ಕೀಲಿಮಣೆಗಳ, ಹೊರಲು ಇಬ್ಬರು ಬೇಕಾಗುವ ಬೇರೆಯೇ ಒಂದು ವಾದ್ಯ.

ಕಾವಿಗೂ ಶ್ರುತಿಗೂ ಇಷ್ಟು ಹತ್ತಿರದ ನಂಟೇಕೆ ಎಂಬುದನ್ನು ಇಲ್ಲಿ ಹೇಳಬೇಕು. ಅನಲಾಗ್ ಸಿಂಥಸೈಸರ್‌ನಲ್ಲಿ ಸ್ವರದ ಎತ್ತರವನ್ನು ಒಂದು ವೋಲ್ಟೇಜ್ ನಿರ್ಧರಿಸುತ್ತದೆ. ವೋಲ್ಟೇಜ್ ಒಂದಷ್ಟು ಏರಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಒಂದು ಸ್ಥಾಯಿ ಎಂದರೆ ಕಂಪನದ ಸಂಖ್ಯೆ ದುಪ್ಪಟ್ಟಾಗುವುದು. ಕೂಡುತ್ತ ಹೋಗುವ ವೋಲ್ಟೇಜನ್ನು ದುಪ್ಪಟ್ಟಾಗುತ್ತ ಹೋಗುವ ಕಂಪನವನ್ನಾಗಿ ಬದಲಿಸುವ ಕೆಲಸವನ್ನು ಟ್ರಾನ್ಸಿಸ್ಟರ್ ತನ್ನ ಸಹಜ ಗುಣದಿಂದಲೇ ಮಾಡಿಕೊಡುತ್ತದೆ. ಆದರೆ ಆ ಗುಣ ಉಷ್ಣತೆಯ ಜೊತೆ ಬದಲಾಗುತ್ತದೆ. ವೇದಿಕೆಯ ದೀಪ ಹತ್ತಿದರೆ, ಎ.ಸಿ. ಗಾಳಿ ಬೀಸಿದರೆ ಸ್ವರ ಸರಿಯುತ್ತದೆ. ಪ್ರಾಫೆಟ್-5ರ ಮುಖದ ಮೇಲೆ ‘ಟ್ಯೂನ್’ ಎಂಬ ಗುಂಡಿ ಇದ್ದದ್ದು ಇದಕ್ಕಾಗಿಯೇ. ಅದನ್ನು ಒತ್ತಿದರೆ ಪ್ರೊಸೆಸರ್ ಒಂದೊಂದೇ ಆಸಿಲೇಟರನ್ನು ಅಳೆದು, ತಪ್ಪಿದಷ್ಟನ್ನು ತಿದ್ದುತ್ತಿತ್ತು. ಆ ಕೆಲವು ಕ್ಷಣ ವಾದಕ ಸುಮ್ಮನಿರಬೇಕಿತ್ತು.

ಹಾಗೆ ತಿದ್ದಿದ ಮೇಲೂ ಐದು ಸರಪಣಿಗಳು ಕೂದಲೆಳೆಯಷ್ಟು ಬೇರೆಯಾಗಿಯೇ ಉಳಿಯುತ್ತಿದ್ದವು. ಒಂದರ ಫಿಲ್ಟರ್ ತುಸು ಮೊದಲೇ ತೆರೆಯುತ್ತದೆ, ಇನ್ನೊಂದರ ಎನ್ವಲಪ್ ತುಸು ತಡವಾಗಿ ಇಳಿಯುತ್ತದೆ. ಐದು ಸ್ವರಗಳ ಮೇಳ ನುಡಿದಾಗ ಇವೆಲ್ಲ ಸೇರಿ ಒಂದು ಬಗೆಯ ತುಂಬಿದ, ಅಲುಗುವ ನಾದವಾಗುತ್ತಿತ್ತು. ತಂಬೂರಿ ಹಿಡಿದು ಕೂತವರಿಗೆ ಇದು ಹೊಸ ವಿಷಯವಲ್ಲ. ಸಾರಣಿ, ಅನುಸಾರಣಿ ಎರಡೂ ಒಂದೇ ಷಡ್ಜಕ್ಕೆ ಕೂಡಿದ್ದರೂ ಒಂದು ತಂತಿ ಇನ್ನೊಂದರ ಪಡಿಯಚ್ಚಲ್ಲ. ಕುದುರೆಯ ಮೇಲಿನ ದಾರವನ್ನು ಸರಿಸಿ ಜೀವ ಕೂಡಿಸಿದಾಗ ಹುಟ್ಟುವ ಝೇಂಕಾರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಲ್ಲಿ ಏಕೆ ಸಿಗುವುದಿಲ್ಲ ಎಂಬ ಗೊಣಗಾಟವೂ ಪ್ರಾಫೆಟ್ ವಾದಕರ ಗೊಣಗಾಟವೂ ಒಂದೇ ಜಾತಿಯವು.

1980ರ ಬದಲಾವಣೆ

ಎಸ್‌ಎಸ್‌ಎಂ ಚಿಪ್‌ಗಳ ಭರವಸೆ ಸಾಲದಾದಾಗ ಸೀಕ್ವೆನ್ಷಿಯಲ್ ಸರಬರಾಜುದಾರರನ್ನೇ ಬದಲಿಸಿತು. ಡಗ್ ಕರ್ಟಿಸ್ ಅವರ ಸಂಸ್ಥೆ ಆಗ ಸಿಇಎಂ ಎಂಬ ಹೆಸರಿನ ಚಿಪ್‌ಗಳನ್ನು ಮಾಡುತ್ತಿತ್ತು. ಅದರ ಸಿಇಎಂ 3340 ಆಸಿಲೇಟರ್‌ನ ಒಳಗೇ ಉಷ್ಣತೆಯನ್ನು ಸರಿದೂಗಿಸುವ ಏರ್ಪಾಡಿತ್ತು. ಫಿಲ್ಟರ್‌ಗೆ 3320, ಎನ್ವಲಪ್‌ಗೆ 3310. ಒಂದು ಚಿಪ್ ಕಿತ್ತು ಇನ್ನೊಂದನ್ನು ಕೂರಿಸುವಂಥ ಕೆಲಸ ಇದಲ್ಲ. ಕಾಲುಗಳ ಜೋಡಣೆಯೇ ಬೇರೆ, ಸುತ್ತಲಿನ ಮಂಡಲವೇ ಬೇರೆ. ಇಡೀ ಬೋರ್ಡನ್ನು ಹೊಸದಾಗಿ ರೂಪಿಸಬೇಕಾಯಿತು. ಹೀಗೆ 1980ರಲ್ಲಿ ಬಂದದ್ದು ರೆವ್ 3. ಪ್ರಾಫೆಟ್-5ರ ಒಟ್ಟು ಸುಮಾರು 6,000 ವಾದ್ಯಗಳಲ್ಲಿ ಬಹುಪಾಲು ಇದೇ ಆವೃತ್ತಿಯವು.

ರೆವ್ 2 ಇದ್ದವರಿಗೆ ಇದರಿಂದ ಸಿಕ್ಕ ಆಯ್ಕೆ ಪೂರ್ತಿ ಕೊಡುವುದು ಅಥವಾ ಪೂರ್ತಿ ಇಟ್ಟುಕೊಳ್ಳುವುದು, ಎರಡೇ. ನಡುವಿನ ದಾರಿ ಇರಲಿಲ್ಲ. ರೆವ್ 3 ಶ್ರುತಿಯಲ್ಲಿ ನೆಟ್ಟಗೆ ನಿಲ್ಲುತ್ತಿತ್ತು, ಊರಿಂದೂರಿಗೆ ಹೊತ್ತೊಯ್ದರೂ ಸತಾಯಿಸುತ್ತಿರಲಿಲ್ಲ, ಕೆಟ್ಟರೆ ರಿಪೇರಿ ಸುಲಭ. ಕೊನೆಯ ಉಪಆವೃತ್ತಿಯಾದ 3.3ರಲ್ಲಿ ನೆನಪಿನ ಜಾಗ 40ರಿಂದ 120ಕ್ಕೆ ಏರಿತು. ತಿಂಗಳಿಗೆ ಇಪ್ಪತ್ತು ಊರು ಸುತ್ತುವ ತಂಡದ ಕೀಬೋರ್ಡ್ ವಾದಕ ಎರಡನೆಯ ಯೋಚನೆ ಮಾಡಬೇಕಾದ್ದೇನೂ ಇರಲಿಲ್ಲ.

ಸ್ಟುಡಿಯೋದಲ್ಲಿ ಕೂತು ನಾದದ ರುಚಿ ನೋಡುವವರ ಮಾತು ಬೇರೆ. ರೆವ್ 3 ಚೊಕ್ಕಟ, ಆದರೆ ತುಸು ತಣ್ಣಗಿದೆ ಎಂಬ ಅಭಿಪ್ರಾಯ ಮೆಲ್ಲಗೆ ಹುಟ್ಟಿ, ವರ್ಷಗಳು ಕಳೆದಂತೆ ಸಿದ್ಧಾಂತದ ಮಟ್ಟಕ್ಕೇರಿತು. ಅದರಲ್ಲಿ ನಿಜವೂ ಇದೆ. 2040 ಮತ್ತು 3320 ಫಿಲ್ಟರ್‌ಗಳ ಬಾಗು ಬೇರೆ, ಎನ್ವಲಪ್‌ಗಳು ಏರಿಳಿಯುವ ಗತಿಯೂ ಬೇರೆ. ಕರ್ಟಿಸ್ ಚಿಪ್‌ಗಳು ಆಮೇಲೆ ಓಬರ್‌ಹೈಮ್, ರೋಲಾಂಡ್ ಮುಂತಾದವರ ವಾದ್ಯಗಳೊಳಗೂ ಸೇರಿದ್ದರಿಂದ ಆ ನಾದ ಎಲ್ಲೆಲ್ಲೂ ಕೇಳಿ ಪರಿಚಿತವಾಯಿತು. ಎಸ್‌ಎಸ್‌ಎಂ ನಾದ ಅಪರೂಪದ್ದಾಗಿ ಉಳಿಯಿತು, ಅಪರೂಪವಾದದ್ದಕ್ಕೆ ಬೆಲೆಯೂ ಬಂತು. ರುಚಿಯಲ್ಲಿ ಎಷ್ಟು ಪಾಲು ಕಿವಿಯದು, ಎಷ್ಟು ಪಾಲು ಅಭಾವದ್ದು ಎಂದು ಬೇರ್ಪಡಿಸುವುದು ಕಷ್ಟ. ರೇಡಿಯೋಹೆಡ್ ತಂಡದ 2000ದ ‘ಕಿಡ್ ಎ’ ಆಲ್ಬಮ್ಮಿನ ಮೊದಲ ಹಾಡು ಪ್ರಾಫೆಟ್-5ರ ಮೇಳಸ್ವರಗಳಿಂದ ಶುರುವಾಗುತ್ತದೆ. ರ್‍ಯುಯಿಚಿ ಸಕಾಮೊಟೊ, ಪೀಟರ್ ಗೇಬ್ರಿಯಲ್, ಸಿನಿಮಾ ನಿರ್ದೇಶಕ ಜಾನ್ ಕಾರ್ಪೆಂಟರ್ ಎಲ್ಲರೂ ಈ ವಾದ್ಯ ಬಳಸಿದವರೇ. ಅವರ ಕೇಳುಗರಲ್ಲಿ ಒಳಗಿನ ಚಿಪ್ಪು ಯಾವುದೆಂದು ಕೇಳಿದವರು ಕಡಿಮೆ.

ಇದೇ ಗೊಂದಲ ಬೇರೆ ಮನೆಗಳಲ್ಲೂ ಇತ್ತು, ಒಂದೊಂದು ಕಡೆ ಒಂದೊಂದು ಬಣ್ಣದಲ್ಲಿ. ರೋಲಾಂಡ್ 1982ರಲ್ಲಿ ಜೂನೋ-60 ತಂದಿತು, 1984ರಲ್ಲಿ ಜೂನೋ-106. ಹೊಸದರಲ್ಲಿ ನೆನಪಿನ ಜಾಗ 56ರಿಂದ 128 ಆಯಿತು. ವಾದ್ಯಗಳು ಪರಸ್ಪರ ಮಾತಾಡುವ ಮಿಡಿ ವ್ಯವಸ್ಥೆ ಬಂತು. ಮಿಡಿ ಇಲ್ಲದ ಜೂನೋ-60ಯನ್ನು ಕೊಟ್ಟು 106 ತಂದವರು ಮನೆಗೆ ಹೋದ ಮೇಲೆ ಆರ್ಪೆಜಿಯೇಟರ್ ಮಾಯವಾಗಿರುವುದನ್ನು ಕಂಡರು. ಮೇಳವನ್ನು ಹಿಡಿದರೆ ಸ್ವರಗಳನ್ನು ಸಾಲಾಗಿ ಬಿಡಿಸಿ ನುಡಿಸುವ ಆ ಸೌಕರ್ಯ ಹಳೆಯದರ ದೊಡ್ಡ ಆಕರ್ಷಣೆಯಾಗಿತ್ತು. ಇನ್ನೊಂದು ಏಟು ಬಿದ್ದದ್ದು ವರ್ಷಗಳ ಮೇಲೆ. 106ರ ಪ್ರತಿ ಸ್ವರದ ಫಿಲ್ಟರ್ ಇದ್ದದ್ದು 80017ಎ ಎಂಬ, ಅಂಟಿನಂಥ ಲೇಪ ಹಚ್ಚಿದ ಚಿಪ್ಪಿನಲ್ಲಿ. ವಯಸ್ಸಾದಂತೆ ಆ ಚಿಪ್‌ಗಳು ಒಂದೊಂದೇ ಕೈಕೊಡತೊಡಗಿದವು. ಅಸಿಟೋನ್‌ನಲ್ಲಿ ನೆನೆಸಿ ಲೇಪ ತೆಗೆದು ಬದುಕಿಸುವ ಉಪಾಯ ರಿಪೇರಿಯವರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ. ಹಳೆಯ 60 ಈ ಕಾಯಿಲೆಯಿಂದ ಪಾರಾಗಿತ್ತು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಯಮಾಹ ಡಿಎಕ್ಸ್7ರ ಕಥೆಯಲ್ಲಿ ಹೊಸದು ನಿಜಕ್ಕೂ ಮೇಲಿತ್ತು. 1983ರಲ್ಲಿ ಬಂದ ಆ ಡಿಜಿಟಲ್ ವಾದ್ಯ ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ತಂತ್ರವನ್ನು ಆಧರಿಸಿತ್ತು. ಹದಿನಾರು ಸ್ವರ, 2,000 ಡಾಲರಿನ ಒಳಗಿನ ಬೆಲೆ. ಎರಡು ಲಕ್ಷದಷ್ಟು ಮಾರಾಟವಾಯಿತು. ಆಮೇಲೆ ಬಂದ ಡಿಎಕ್ಸ್7 II ಗುಸುಗುಸು ಸದ್ದನ್ನು ತಗ್ಗಿಸಿತು, ಏಕಕಾಲಕ್ಕೆ ಎರಡು ನಾದಗಳನ್ನು ಕೊಟ್ಟಿತು, ಹನ್ನೆರಡು ಸಮಪಾಲಿನ ಸ್ವರಗಳಾಚೆಗೆ ಶ್ರುತಿ ಕೂಡಿಸುವ ಅವಕಾಶವನ್ನೂ ಕೊಟ್ಟಿತು. ಅಷ್ಟಾದರೂ ಹಳೆಯದರ ಒರಟು ಅಂಚೇ ಬೇಕೆನ್ನುವವರು ಉಳಿದರು. ಇಲ್ಲಿ ನಡುವಿನ ದಾರಿಯೊಂದಿತ್ತು: ಗ್ರೇ ಮ್ಯಾಟರ್ ರೆಸ್ಪಾನ್ಸ್ ಎಂಬ ಸಂಸ್ಥೆ ಹಳೆಯ ಡಿಎಕ್ಸ್7ರ ಒಳಗೇ ಕೂರಿಸಬಹುದಾದ ಒಂದು ಬೋರ್ಡ್ ಮಾಡಿ ಮಾರುತ್ತಿತ್ತು. ವಾದ್ಯ ಅದೇ, ನೆನಪು ಹೆಚ್ಚು. ಹಳೆಯ ಮನೆಗೆ ಮಹಡಿ ಕಟ್ಟಿಸಿದಂತೆ.

ಕೋರ್ಗ್ ಎಂಎಸ್-20 ಮಾತ್ರ ಜಗಳವನ್ನೇ ಪೆಟ್ಟಿಗೆಯೊಳಗೆ ತಂದು ಕೂರಿಸಿತು. 1978ರ ಆ ವಾದ್ಯದ ಫಿಲ್ಟರನ್ನು ತಯಾರಿಕೆಯ ನಡುವೆಯೇ ಬದಲಿಸಲಾಗಿತ್ತು. ಮೊದಲಿನದು ಅರಚುತ್ತದೆ, ಆಮೇಲಿನದು ತುಸು ಸಭ್ಯ. 2013ರ ಮಿನಿ ಮರುಸೃಷ್ಟಿಯಲ್ಲಿ ಮೊದಲಿನ ಫಿಲ್ಟರನ್ನೇ ಆರಿಸಿಕೊಂಡ ಕೋರ್ಗ್, ಜೋಡಿಸಿಕೊಳ್ಳುವ ಕಿಟ್ ರೂಪದ ಎಂಎಸ್-20ರಲ್ಲಿ ಎರಡನ್ನೂ ಇಟ್ಟು ಬೇಕಾದದ್ದನ್ನು ಆರಿಸುವ ಅವಕಾಶ ಕೊಟ್ಟಿತು.

ನಾಲ್ಕನೆಯದು

ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ 1987ರಲ್ಲಿ ಮುಚ್ಚಿತು. ಡಿಜಿಟಲ್ ವಾದ್ಯಗಳ ಅಲೆಯಲ್ಲಿ ಅನಲಾಗ್ ಮನೆಗಳು ಒಂದೊಂದಾಗಿ ಕುಸಿದ ಕಾಲ ಅದು. ಹೆಸರು, ಹಕ್ಕು ಎಲ್ಲ ಯಮಾಹದ ಪಾಲಾಯಿತು. ಡೇವ್ ಸ್ಮಿತ್ 2002ರಲ್ಲಿ ತಮ್ಮದೇ ಹೆಸರಿನ ಸಂಸ್ಥೆಯೊಂದಿಗೆ ಮರಳಿದರು. 2007ರಲ್ಲಿ ಪ್ರಾಫೆಟ್ 08, 2015ರಲ್ಲಿ ಪ್ರಾಫೆಟ್-6 ಮಾಡಿದರು. ರೋಲಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಅವರ ಒತ್ತಾಸೆಯಿಂದ ಯಮಾಹ 2015ರಲ್ಲಿ ಹಳೆಯ ಹೆಸರನ್ನು ಸ್ಮಿತ್ ಅವರಿಗೆ ಹಿಂತಿರುಗಿಸಿತು. ಮಿಡಿಯನ್ನು ರೂಪಿಸಿದ್ದಕ್ಕಾಗಿ ಇದೇ ಇಬ್ಬರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಿಕ್ಕಿತ್ತು. ಪೈಪೋಟಿಯ ವ್ಯಾಪಾರದಲ್ಲಿ ಇಂಥ ಸೌಜನ್ಯ ದಾಖಲಿಸುವಂಥದ್ದು.

2017ರಲ್ಲಿ ಬಂದ ಪ್ರಾಫೆಟ್ ರೆವ್2 ಎಂಬ ವಾದ್ಯವನ್ನು ಇಲ್ಲಿ ಬದಿಗಿಡಬೇಕು. ಅದು ಪ್ರಾಫೆಟ್ 08ರ ಎರಡನೆಯ ಆವೃತ್ತಿ, 1978ರ ಪ್ರಾಫೆಟ್-5 ರೆವ್ 2 ಅಲ್ಲ. ಹೆಸರಿಡುವವರು ಸೆಕೆಂಡ್‌ಹ್ಯಾಂಡ್ ಕೊಳ್ಳುವವರ ಪಾಡನ್ನು ಯೋಚಿಸಿದಂತೆ ಕಾಣುವುದಿಲ್ಲ.

2020ರ ಅಕ್ಟೋಬರ್ 1ರಂದು ಪ್ರಕಟವಾದ ಪ್ರಾಫೆಟ್-5 ರೆವ್ 4ರಲ್ಲಿ ಕರ್ಟಿಸ್ ಸಿಇಎಂ 3340 ಆಸಿಲೇಟರ್‌ಗಳಿವೆ. ನಿಂತುಹೋಗಿದ್ದ ಆ ಚಿಪ್ಪಿನ ತಯಾರಿಕೆ 2016ರಲ್ಲಿ ಮತ್ತೆ ಶುರುವಾಗಿತ್ತು. ಫಿಲ್ಟರ್‌ಗಳು ಎರಡು. ಒಂದು ರೆವ್ 3ರ ಕರ್ಟಿಸ್ 3320. ಇನ್ನೊಂದು 2140, ಮೊದಲ ಆವೃತ್ತಿಗಳ 2040ರ ಉತ್ತರಾಧಿಕಾರಿ. ಅದನ್ನು ರೂಪಿಸಿದ್ದು 2040ರ ಹಿಂದಿದ್ದ ಅದೇ ಡೇವ್ ರಾಸಮ್. ಮುಖಫಲಕದ ಒಂದು ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಫಿಲ್ಟರಿನ ಜೊತೆಗೆ ಎನ್ವಲಪ್‌ನ ನಡೆಯೂ ಆಯಾ ಆವೃತ್ತಿಯಂತೆ ಬದಲಾಗುತ್ತದೆ.

ಇನ್ನೊಂದು ಹೊಸ ನಾಬ್ ಇದೆ, ಹೆಸರು ‘ವಿಂಟೇಜ್’. ಅದರ ಮೇಲಿನ ಅಂಕಿಗಳು 4ರಿಂದ 1ಕ್ಕೆ ಹಿಂದುಹಿಂದಕ್ಕೆ ಸಾಗುತ್ತವೆ. 4ರಲ್ಲಿ ಐದು ಸರಪಣಿಗಳೂ ಶಿಸ್ತಿನಲ್ಲಿರುತ್ತವೆ. 3ಕ್ಕೆ, 2ಕ್ಕೆ ತಿರುಗಿಸಿದಂತೆ ಶ್ರುತಿ, ಎನ್ವಲಪ್‌ನ ವೇಗ ಮುಂತಾದವು ಸರಪಣಿಯಿಂದ ಸರಪಣಿಗೆ ತುಸು ತುಸು ಬೇರೆಯಾಗುತ್ತ ಹೋಗುತ್ತವೆ. 1ಕ್ಕೆ ಬಂದರೆ ರೆವ್ 1ರ ಚಂಚಲ ಸ್ವಭಾವ. ಯಾವ ದೋಷವನ್ನು ಕಳೆಯಲು 1980ರಲ್ಲಿ ಇಡೀ ಬೋರ್ಡನ್ನು ಬದಲಿಸಲಾಯಿತೋ ಅದಕ್ಕೇ ನಲವತ್ತು ವರ್ಷಗಳ ನಂತರ ಒಂದು ನಾಬ್ ಮೀಸಲಾಯಿತು. ತಯಾರಕರೇ ತಮ್ಮ ತಿದ್ದುಪಡಿಯನ್ನು ಹೀಗೆ ಬಹಿರಂಗವಾಗಿ ಮರುವಿಮರ್ಶೆ ಮಾಡಿದ ನಿದರ್ಶನ ವಾದ್ಯೋದ್ಯಮದಲ್ಲಿ ವಿರಳ.

ಹಳೆಯದರಲ್ಲಿ ಇಲ್ಲದ ಸೌಕರ್ಯಗಳೂ ಸೇರಿವೆ. ಕೀಲಿ ಒತ್ತಿದ ರಭಸಕ್ಕೆ ನಾದ ಸ್ಪಂದಿಸುತ್ತದೆ, ಒತ್ತಿದ ಮೇಲೆ ಇನ್ನಷ್ಟು ಅದುಮಿದರೂ ಸ್ಪಂದಿಸುತ್ತದೆ. ಮಿಡಿ, ಯುಎಸ್‌ಬಿ ಇವೆ. ವಾದಕರ ನಾದಗಳಿಗೆ 200 ಜಾಗ, ಸಂಸ್ಥೆಯವು ಇನ್ನೊಂದು 200. ಬೇಕೆಂದೇ ಬಿಟ್ಟದ್ದೂ ಉಂಟು: ಎಕೋ, ರಿವರ್ಬ್‌ನಂಥ ಎಫೆಕ್ಟ್‌ಗಳಿಲ್ಲ, ಆರ್ಪೆಜಿಯೇಟರ್ ಇಲ್ಲ, ಸೀಕ್ವೆನ್ಸರ್ ಇಲ್ಲ. ಇವೆಲ್ಲ ಇರುವ ಪ್ರಾಫೆಟ್-6 ಅದೇ ಸಂಸ್ಥೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. 2020ರಲ್ಲಿ ಬಂದಾಗ ರೆವ್ 4ರ ಬೆಲೆ 3,499 ಡಾಲರ್ ಇತ್ತು. 1978ರ 3,995 ಡಾಲರನ್ನು ಹಣದುಬ್ಬರಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ 2020ರಲ್ಲಿ 15,000 ಡಾಲರಿಗೂ ಮೇಲಾಗುತ್ತದೆ. ಅಂದರೆ ನಿಜವಾದ ಬೆಲೆ ಕಾಲುಭಾಗಕ್ಕಿಂತ ಕೆಳಗಿಳಿದಿತ್ತು. ಹಳೆಯ, ಸುಸ್ಥಿತಿಯ ಪ್ರಾಫೆಟ್-5ರ ಬೆಲೆಯಾದರೋ ಸಂಗ್ರಾಹಕರ ಕೈಗೆ ಸಿಕ್ಕಿ ಹೊಸದರ ಬೆಲೆಯನ್ನು ಎಂದೋ ದಾಟಿತ್ತು.

ಕೊಡುವವರ ಲೆಕ್ಕ, ಇಟ್ಟುಕೊಳ್ಳುವವರ ಲೆಕ್ಕ

ಹಳೆಯ ಪ್ರಾಫೆಟ್ ಇರುವವರು ಮೊದಲು ನೋಡುವುದು ರಿಪೇರಿಯ ಬಾಬತ್ತನ್ನು. ನೆನಪನ್ನು ಕಾಯುವ ಬ್ಯಾಟರಿ ಸತ್ತರೆ ಕೂಡಿಸಿಟ್ಟ ನಾದಗಳೆಲ್ಲ ಅಳಿಸಿಹೋಗುತ್ತವೆ. ಬೋರ್ಡಿನ ಮೇಲಿನ ಡಜನ್‌ಗಟ್ಟಲೆ ಟ್ರಿಮ್‌ಪಾಟ್‌ಗಳನ್ನು ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಒಂದೊಂದಾಗಿ ಸರಿಪಡಿಸುವ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಕೀಲಿಯಡಿಯ ಸಂಪರ್ಕಗಳಿಗೆ ಧೂಳು ಕೂರುತ್ತದೆ. ಸಿಇಎಂ 3340ಕ್ಕೆ ಈಗ ಮೂಲ ಚಿಪ್ಪೂ ಇದೆ, ಬೇರೆಯವರು ಮಾಡಿದ ತದ್ರೂಪುಗಳೂ ಇವೆ. ಹಾಗಾಗಿ ರೆವ್ 3ರ ಆಸಿಲೇಟರ್ ಕೆಟ್ಟರೆ ದಾರಿಯಿದೆ. ಮೂಲ ಎಸ್‌ಎಸ್‌ಎಂ 2030ಕ್ಕೆ ಹಳೆಯ ದಾಸ್ತಾನೇ ಗತಿ. ವಿಚಿತ್ರವೆಂದರೆ, ಎಲ್ಲಕ್ಕಿಂತ ಬೆಲೆಬಾಳುವ ಆವೃತ್ತಿಗಳೇ ಎಲ್ಲಕ್ಕಿಂತ ಅನಾಥ.

ಎರಡನೆಯದು ಕೂಡಿಸಿಟ್ಟ ನಾದಗಳು. ಅನಲಾಗ್ ವಾದ್ಯದಲ್ಲಿ ಒಂದು ಪ್ಯಾಚ್ ಎಂದರೆ ಗುಂಡಿಗಳ ಸ್ಥಾನವಷ್ಟೇ; ಅದೇ ಸ್ಥಾನದಲ್ಲಿ ಇನ್ನೊಂದು ವಾದ್ಯ ಬೇರೆಯಾಗಿಯೇ ನುಡಿಯುತ್ತದೆ. ಇಪ್ಪತ್ತು ವರ್ಷ ವೇದಿಕೆಯಲ್ಲಿ ನುಡಿಸಿದ ಹಾಡಿನ ನಾದವನ್ನು ಹೊಸದರಲ್ಲಿ ಕಿವಿಯಿಂದಲೇ ಮತ್ತೆ ಕಟ್ಟಿಕೊಳ್ಳಬೇಕು. ಕರ್ನಾಟಕದ ರಸಮಂಜರಿ ತಂಡಗಳಲ್ಲಿ ಆಕ್ಟೋಪ್ಯಾಡ್ ನುಡಿಸುವವರಿಗೆ ಇದು ಕೈಯಾರೆ ಗೊತ್ತಿರುವ ಕಷ್ಟ. ತಮಟೆ, ಡೋಲು, ಢೋಲಕ್‌ಗಳ ಪೆಟ್ಟುಗಳನ್ನು ಹಾಡುಹಾಡಿಗೂ ಹೊಂದಿಸಿ ವರ್ಷಗಟ್ಟಲೆ ಕೂಡಿಸಿದ ಪ್ಯಾಚ್‌ಗಳು ರೋಲಾಂಡ್ ಎಸ್‌ಪಿಡಿ-20ರಲ್ಲಿದ್ದವು. 2010ರಲ್ಲಿ ಎಸ್‌ಪಿಡಿ-30 ಬಂದಾಗ ಕೈಯಲ್ಲಿದ್ದದ್ದನ್ನು ಬಿಡಲು ಅನೇಕರಿಗೆ ಮನಸ್ಸಾಗಲಿಲ್ಲ. ಗಣೇಶೋತ್ಸವದ ಸೀಸನ್ನು ಎದುರಿಗಿರುವಾಗ ಹೊಸ ಪ್ಯಾಡಿಗೆ ಕೈ ಹಾಕುವ ಧೈರ್ಯ ಯಾರೂ ಮಾಡುವುದಿಲ್ಲ.

ವೇದಿಕೆಯವರಿಗೂ ಸ್ಟುಡಿಯೋದವರಿಗೂ ಉತ್ತರ ಬೇರೆಯಾಗುವುದು ಇಲ್ಲೇ. ವೇದಿಕೆಯ ವಾದಕ ಹಳೆಯ ಪ್ರಾಫೆಟನ್ನು ಊರೂರು ಹೊರಿಸುವುದು ಈಗ ಜಾಣತನವಲ್ಲ. ರೆವ್ 4 ಅಥವಾ ಅದರ ಕೀಲಿಮಣೆಯಿಲ್ಲದ ಡೆಸ್ಕ್‌ಟಾಪ್ ರೂಪ ಆ ಕೆಲಸಕ್ಕೆ ಸಾಕು, ಹಳೆಯದು ಮನೆಯಲ್ಲಿ ರೆಕಾರ್ಡಿಂಗಿಗೆ ಉಳಿಯಬಹುದು. ಸ್ಟುಡಿಯೋದವರಲ್ಲಿ ರೆವ್ 3 ಇರುವವರಿಗೆ ಹೊಸದರಿಂದ ಸಿಗುವ ಲಾಭ ಮುಖ್ಯವಾಗಿ ಇನ್ನೊಂದು ಫಿಲ್ಟರ್ ಮತ್ತು ನೆಮ್ಮದಿ. ರೆವ್ 2 ಇದ್ದು, ಅದು ಆರೋಗ್ಯವಾಗಿಯೂ ಇದ್ದರೆ, ಕೊಡುವುದಕ್ಕೆ ನಾದದ ದೃಷ್ಟಿಯಿಂದ ಕಾರಣವಿಲ್ಲ. ದುಡ್ಡಿನ ದೃಷ್ಟಿಯಿಂದ ಇರಬಹುದು. ಮಿಶ್ರಣದಲ್ಲಿ ಡ್ರಮ್ಸ್, ಬಾಸ್, ದನಿ ಎಲ್ಲ ಸೇರಿದ ಮೇಲೆ ಹೊಸದನ್ನೂ ಹಳೆಯದನ್ನೂ ಬೇರ್ಪಡಿಸಿ ಹೇಳುವುದು ಪಳಗಿದ ಕಿವಿಗೂ ಸುಲಭವಲ್ಲ.

ಮೂರನೆಯ ಗುಂಪಿಗೆ ಇದಾವುದೂ ಬೇಡ. ಯು-ಹೆ ಸಂಸ್ಥೆಯ ರೀಪ್ರೊ-5, ಆರ್ಟೂರಿಯಾದ ಪ್ರಾಫೆಟ್ ವಿ ಮುಂತಾದ ತಂತ್ರಾಂಶಗಳು ಲ್ಯಾಪ್‌ಟಾಪಿನೊಳಗೇ ಈ ನಾದವನ್ನು ಕೊಡುತ್ತವೆ, ಬೆಲೆ ಹತ್ತರಲ್ಲಿ ಒಂದು ಪಾಲೂ ಅಲ್ಲ. ಬೆರಳಿಗೆ ನಾಬ್ ಸಿಗುವುದಿಲ್ಲ ಎಂಬುದು ಕೊರತೆ. ಆ ಕೊರತೆ ಎಷ್ಟು ದೊಡ್ಡದೆಂಬುದು ನುಡಿಸುವವರ ಅಭ್ಯಾಸಕ್ಕೆ ಬಿಟ್ಟದ್ದು.

ಭಾರತದ ವಾದಕರಿಗೆ ಇನ್ನೊಂದು ಅಳತೆಗೋಲೂ ಇದೆ: ವಾದ್ಯ ರಾಗಕ್ಕೆ ಎಷ್ಟು ಒಗ್ಗುತ್ತದೆ ಎಂಬುದು. 1982ರಲ್ಲಿ ಮುಂಬಯಿಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ ರೋಲಾಂಡ್‌ನ ಜುಪಿಟರ್-8, ಟಿಬಿ-303, ಟಿಆರ್-808 ವಾದ್ಯಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ಆಲ್ಬಮ್ ಮಾಡಿದರು. ದಶಕಗಳ ನಂತರ ಆ ಆಲ್ಬಮ್ ಯುರೋಪಿನಲ್ಲಿ ಮರುಬಿಡುಗಡೆಯಾಗಿ ಅಚ್ಚರಿ ಹುಟ್ಟಿಸಿತು. ಅಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗ್ಲೈಡ್ ಸೌಲಭ್ಯವೇ ರಾಗದ ಎಳೆ ಹಿಡಿಯಲು ನೆರವಾಯಿತು. ತೋಡಿಯ ಗಾಂಧಾರವನ್ನು ಕೀಲಿಮಣೆಯಲ್ಲಿ ತೂಗಿಸಲು ಹೊರಟವರಿಗೆ ಫಿಲ್ಟರ್ ಯಾವ ಕಾಲದ್ದು ಎಂಬುದಕ್ಕಿಂತ ಎಡಗೈಯ ಪಿಚ್ ವೀಲ್ ಎಷ್ಟು ನಯವಾಗಿ ತಿರುಗುತ್ತದೆ ಎಂಬುದು ಮುಖ್ಯ. ರೆವ್ 4ರಲ್ಲಿ ಬೇರೆ ಬೇರೆ ಶ್ರುತಿಕ್ರಮಗಳನ್ನು ಆರಿಸಿಕೊಳ್ಳಬಹುದು. ಅದು ನಿಂತ ಸ್ವರಕ್ಕೆ ಸಹಾಯ ಮಾಡುತ್ತದೆ, ಗಮಕಕ್ಕೆ ಅಲ್ಲ.

ಡೇವ್ ಸ್ಮಿತ್ 2022ರ ಮೇ 31ರಂದು ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಸಂಸ್ಥೆ ಇಂಗ್ಲೆಂಡಿನ ಫೋಕಸ್‌ರೈಟ್ ಕೈಗೆ ಹೋಗಿತ್ತು. ಆದರೆ ಅವರಿದ್ದಾಗಲೇ ರೆವ್ 4ರ ಜೊತೆಗೆ 4,299 ಡಾಲರಿಗೆ ಬಂದ ಹೊಸ ಪ್ರಾಫೆಟ್-10, 1978ರಲ್ಲಿ ಕಾವು ತಾಳದೆ ಕೈಬಿಟ್ಟ ಯೋಜನೆಯನ್ನು ಅದೇ ಗಾತ್ರದ ಪೆಟ್ಟಿಗೆಯಲ್ಲಿ ಮುಗಿಸಿತು. ಐದು ಸ್ವರದ್ದನ್ನು ಕೊಂಡವರು ಅದನ್ನು ಕೊಟ್ಟು ಹತ್ತರದ್ದನ್ನು ತರಬೇಕಾಗಿಯೂ ಇಲ್ಲ. ಮುಚ್ಚಳ ಬಿಚ್ಚಿ, ಇನ್ನೈದು ಸ್ವರಗಳ ಬೋರ್ಡೊಂದನ್ನು ಒಳಗೆ ಕೂರಿಸಿದರೆ ಆಯಿತು.